ನಡಾವಳಿಯಲ್ಲಿ ಬರದ ಮಾತು

ಚಳ್ಳಕೆರೆ ತಾಲ್ಲೂಕಿನ ಆ ಊರಲ್ಲಿ ಮಹಿಳಾ ಗ್ರಾಮಸಭೆ ಬೆಳಿಗ್ಗೆ 11ಕ್ಕೆ ಎಂದು ನೋಟಿಸ್ ಅಂಟಿಸಿದ್ದರು. ಶೇಂಗಾ ಕೀಳುವ ಕಾಲ. 11ಕ್ಕೆ ಶಾಮಿಯಾನದಡಿ ಇದ್ದವರು ಅಂಗನವಾಡಿ ಟೀಚರ್, ಇಬ್ಬರು ಆಶಾ ಕಾರ್ಯಕರ್ತೆಯರು, ಸಂಘದ ನಾಲ್ವರು. ಟಾಂಟಾಂ ಹೊಡೆದದ್ದು ಬಸ್‌ಸ್ಟ್ಯಾಂಡ್ ಸುತ್ತ ಮಾತ್ರ. ಗೊಲ್ಲರಹಟ್ಟಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಸಭೆಯನ್ನು 4ಕ್ಕೆ ಹಾಕಿ, ಆಶಾ ಕಾರ್ಯಕರ್ತೆಯರನ್ನು ಬೀದಿ ಬೀದಿಗೆ ಕಳಿಸಿದ ಮೇಲೆ ಜನ ತುಂಬಿದರು. ಹೊತ್ತು ಇಡುವಾಗ ಕೂಲಿ, ಹಾಲು ಕರೆಯೋದು, ನೀರು ಬಿಡೋ ಸಮಯ, ಈ ಮೂರನ್ನೂ ಕೇಳಿಕೊಳ್ಳಬೇಕು. ಕೇಳದೆ ಇಟ್ಟು ಆಮೇಲೆ 'ಹೆಂಗಸರು ಬರೋದೇ ಇಲ್ಲ' ಅನ್ನುವುದು ಹಳೇ ಚಾಳಿ.

ಕುರ್ಚಿಗೇನೂ ಬರವಿಲ್ಲ. 1987ರ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ಶೇ 25ರಷ್ಟು ಮೀಸಲು ಕೊಟ್ಟಿತ್ತು. ಸಂವಿಧಾನದ 73ನೇ ತಿದ್ದುಪಡಿಯಿಂದ ಮೂರನೇ ಒಂದು ಪಾಲು, ರಾಜ್ಯದ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ ಅರ್ಧ. ತೊಡಕಿರುವುದು ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ.

ಅವತ್ತು ಒಬ್ಬಾಕೆ ಎದ್ದು ಶುದ್ಧ ಕುಡಿಯುವ ನೀರಿನ ಘಟಕದ ಮಾತೆತ್ತಿದಳು. ಐದು ರೂಪಾಯಿ ಕಾಯಿನ್ ಹಾಕಿದರೂ ಕ್ಯಾನ್ ತುಂಬುತ್ತಿಲ್ಲ, ಬೋರಿನ ನೀರೇ ಗತಿ. ಈ ಕಡೆಯ ಬೋರ್ ನೀರಲ್ಲಿ ಫ್ಲೋರೈಡ್. ಕಾಯಿಸಿದರೂ ಅದು ಹೋಗುವುದಿಲ್ಲ. ಗಡಸು ನೀರಿಗೆ ಘಟಕದ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸಲೇಬೇಕು. ಹತ್ತು ನಿಮಿಷ ಎಲ್ಲರೂ ಮಾತಾಡಿದರು. ಪುಸ್ತಕಕ್ಕೆ ಬಿದ್ದದ್ದು ಒಂದೇ ಸಾಲು: 'ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು.'

ಈ ಸಾಲಿಗೆ ಯಾರೂ ಹೊಣೆಯಲ್ಲ. ಠರಾವು ಅಂದರೆ ಯಾವ ಘಟಕ, ಏನು ಕೆಟ್ಟಿದೆ, ಯಾರು ಮಾಡಿಸಬೇಕು, ಎಷ್ಟು ದಿನದೊಳಗೆ, ಯಾವ ಬಾಬ್ತಿನ ದುಡ್ಡು, ಇಷ್ಟೂ ಇರಬೇಕು. ಮತ್ತೆ ಬರೆಸಿದೆವು: ಮೆಂಬ್ರೇನ್ ಬದಲಾವಣೆ, 15 ದಿನ, ಹೊಣೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಇನ್ನೊಂದು ಮೋಸ ಸಹಿಯದು. ಬಂದ ಕೂಡಲೇ ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ತಗೊಂಡು, ನಡಾವಳಿಯನ್ನು ಆಮೇಲೆ ಮೇಲಿನ ಜಾಗದಲ್ಲಿ ತುಂಬುವುದು. ಹಾಜರಾತಿಗೆ ಬೇರೆ ಹಾಳೆ ಇಡಿಸಿ. ಠರಾವನ್ನು ಗಟ್ಟಿಯಾಗಿ ಓದಿಸಿ, ಕೊನೇ ಸಾಲಿನ ಕೆಳಗೆ ಅಡ್ಡಗೆರೆ ಎಳೆಸಿ, ಸಹಿ ಆಮೇಲೆ. ಯಾರದಾದರೂ ಮೊಬೈಲಲ್ಲಿ ಆ ಪುಟದ ಫೋಟೋ ಇರಲಿ.

ಓದುವ ಸರದಿ ಪಂಚಾಯಿತಿ ಅಧ್ಯಕ್ಷೆಯದು. ತಡವರಿಸಿದಾಗ ಪಕ್ಕದ ಕುರ್ಚಿಯಲ್ಲಿದ್ದ ಆಕೆಯ ಯಜಮಾನರು ಕೈ ಚಾಚಿದರು: "ಕೊಡಿಲ್ಲಿ, ನಾನ್ ಓದ್ತೀನಿ." ಹಿಂದಿನಿಂದ ಒಬ್ಬ ಅಜ್ಜಿ, "ನೀ ಸುಮ್ಕಿರಪ್ಪ, ಓಟು ಹಾಕಿದ್ದು ಆಯಮ್ಮಂಗೆ" ಅಂದಳು. ಮೂರು ಠರಾವು ಓದಲು ಕಾಲು ಗಂಟೆ ಹಿಡಿಯಿತು. ಹಿಡಿಯಲಿ.

ನರೇಗಾ ಕೂಲಿ ಬಿಲ್ಲಿಗೆ ಪಿಡಿಒ ಜೊತೆ ಅಧ್ಯಕ್ಷೆಯ ಡಿಜಿಟಲ್ ಸಹಿಯೂ ಬೇಕಿತ್ತು. ಅದರ ಡೋಂಗಲ್ಲು (ಸಹಿ ಇರುವ, ಪೆನ್‌ಡ್ರೈವಿನಂಥ ಸಾಧನ), ಪಾಸ್‌ವರ್ಡು ಎರಡೂ ಆಕೆಯ ಹತ್ತಿರವೇ ಇರಬೇಕು. ಒತ್ತುವ ಮುಂಚೆ ಹೆಸರು, ದಿನ, ಮೊತ್ತ ನೋಡಬೇಕು. ಇದನ್ನು ಹೇಳುವಷ್ಟರಲ್ಲಿ ಹಟ್ಟಿಗೆ ಕುರಿ ಬರುವ ಹೊತ್ತಾಗಿ ಹೆಂಗಸರು ಎದ್ದರು. ಡೋಂಗಲ್ಲು ಯಜಮಾನರ ಬೈಕಿನ ಕೀಗೊಂಚಲಲ್ಲಿ ತೂಗಾಡುತ್ತಾ ಹೋಯಿತು.