ಬಿಸಿಲು ಬೀಳುವ ಜಾಗ ಅತ್ತೆಗೆ ಗೊತ್ತಿತ್ತು

ನಮ್ಮ ಕಡೆ ಬಚ್ಚಲಿನ ಒಲೆಗೆ ಬೆಂಕಿ ಬೀಳುವುದು ಕಾಫಿಗೂ ಮೊದಲು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಗುಡ್ಡದ ಬುಡದಲ್ಲಿ, ಅಡಿಕೆ ತೋಟಕ್ಕೆ ತಾಗಿಕೊಂಡಿರುವ ಹಂಚಿನ ಮನೆ. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ನಸುಕಿಗೆ ಎದ್ದ ಅತ್ತೆ ಮೊದಲು ಹೋಗುತ್ತಿದ್ದುದು ಬಚ್ಚಲಿಗೆ. ಒಲೆಯ ಬಾಯಿಗೆ ಒಣ ಸೋಗೆ, ಅದರ ಮೇಲೆ ಅಡಿಕೆ ಸಿಪ್ಪೆ, ಹಿಡಿದ ಮೇಲೆ ತೆಂಗಿನ ಕೊತ್ತಳಿಗೆ. ಬೇಸಿಗೆಯಲ್ಲಿ ಕಡ್ಡಿ ಗೀರಿದರೆ ಸಾಕು. ಜೋರು ಮಳೆಯ ಆಟಿ ತಿಂಗಳಲ್ಲಿ ಮಾತ್ರ ಊದುಕೊಳವೆ ಹಿಡಿದು ಕೂರಲೇಬೇಕು. ಹೊಗೆ ಹೊರಗೆ ಹೋಗಲು ಹಂಚಿನ ಸಂದಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಣ್ಣು ಕೆಂಪು ಮಾಡಿಕೊಂಡು, ಕೆಮ್ಮುತ್ತಾ ಅವರು ಹೊರಗೆ ಬರುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಆ ಕೆಮ್ಮು ಬೇಸಿಗೆಯಲ್ಲೂ ಬಿಡದೆ ಹೋದಾಗ ಡಾಕ್ಟರು ಹೊಗೆಯ ಹತ್ತಿರ ಹೋಗಲೇಬಾರದು ಅಂದರು. ಬಿಸಿನೀರಿಗೆ ಬೇರೆ ದಾರಿ ಹುಡುಕಲು ಹೊರಟದ್ದು ಹಾಗೆ.

ಗೀಸರ್ ಹಾಕಿದರೆ ಮುಗೀತಲ್ಲ ಅಂದವರೇ ಜಾಸ್ತಿ. ನಾನು ಲೆಕ್ಕ ಹಾಕಿ ನೋಡಿದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು. ಗೀಸರಿಗೆ ಎಷ್ಟು ಸ್ಟಾರ್ ಇದ್ದರೂ ಈ ನಾಲ್ಕು ಕಮ್ಮಿ ಆಗುವುದಿಲ್ಲ. ಕಾದ ನೀರು ಟ್ಯಾಂಕಿಯಲ್ಲಿ ಸುಮ್ನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎನ್ನುವುದನ್ನಷ್ಟೇ ಆ ಸ್ಟಾರ್ ಹೇಳುತ್ತದೆ. ದಿನಕ್ಕೆ 4 ಅಂದರೆ ತಿಂಗಳಿಗೆ 120 ಯೂನಿಟ್. ಕೇರಳದಲ್ಲಿ ಮನೆಯ ಬಳಕೆ ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ ದರ, ಮೇಲಕ್ಕೆ ಹೋದ ಹಾಗೆ ಜಾಸ್ತಿ. 250 ದಾಟಿತೋ, ಅಷ್ಟಕ್ಕೂ ಮೇಲಿನ ದರವೇ ಬೀಳುತ್ತದೆ. ತೋಟ, ಹಟ್ಟಿ, ತುಂಬಿದ ಸಂಸಾರ ಇರುವ ಮನೆಗೆ ಈ ಗೆರೆ ದೂರ ಇರುವುದಿಲ್ಲ. ಅದೂ ಅಲ್ಲದೆ ಜೋರು ಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಬಿಸಿನೀರು ತೀರಾ ಬೇಕಾಗುವ ಹೊತ್ತಿನಲ್ಲೇ.

ಹೀಟ್ ಪಂಪ್ ಬಗ್ಗೆಯೂ ವಿಚಾರಿಸಿದೆ. ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ ಮಾಡಿದ ಹಾಗೆ, ಸುತ್ತಲಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ನಮ್ಮಂಥ ಸೆಕೆ ಊರಿಗೆ ಒಳ್ಳೆಯ ಯಂತ್ರವೇ. ಆದರೆ ಬೆಲೆ ಜಾಸ್ತಿ, ಕರೆಂಟ್ ಇಲ್ಲದೆ ನಡೆಯುವುದಿಲ್ಲ, ಕೆಟ್ಟರೆ ರಿಪೇರಿಗೆ ಮಂಗಳೂರಿನಿಂದ ಜನ ಬರಬೇಕು. ಕೊನೆಗೆ ಸೋಲಾರ್ ಅಂತ ತೀರ್ಮಾನವಾಯಿತು.

ವಿಷು ಕಳೆದಿತ್ತು. ಮೇ ಕೊನೆಯ ಪತ್ತನಾಜೆಗೆ, ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಿಬಿಡೋಣ ಅಂತ ಇವರು ಅವಸರ ಮಾಡಿದರು. ಸೋಲಾರ್ ಕೂರಿಸುವ ಹುಡುಗರು ಜೀಪಿನಲ್ಲಿ ಗಾಜಿನ ಕೊಳವೆಗಳ ಪೆಟ್ಟಿಗೆ ಇಟ್ಟುಕೊಂಡು ಬೆಳಿಗ್ಗೆಯೇ ಬಂದರು. ಹಂಚಿನ ಮಾಡಿನ ಮೇಲೆ ತುಂಬಿದ ಟ್ಯಾಂಕಿ ಇಡುವ ಹಾಗಿಲ್ಲ. ಬಚ್ಚಲಿನ ಪಕ್ಕದ ಕೋಣೆಗೆ ಮಾತ್ರ ಟೆರೇಸ್ ಇದೆ. ಅದರ ಮೇಲೆ ಹತ್ತಿ, ಮೊಬೈಲಿನಲ್ಲಿ ದಿಕ್ಕು ನೋಡಿ, "ಇಲ್ಲೇ ಸರಿ, ತೆಂಕಕ್ಕೆ ಮುಖ ಮಾಡಿ ಇಡುವಾ, ಬಿಸಿಲು ಫಸ್ಟ್ ಕ್ಲಾಸ್ ಉಂಟು" ಅಂದರು. ಬಿಸಿಲು ಇತ್ತು ನಿಜ. ಟೆರೇಸಿನಲ್ಲಿ ಬರಿಗಾಲು ಊರಲು ಆಗುತ್ತಿರಲಿಲ್ಲ.

ಅತ್ತೆ ಕೆಳಗಿನಿಂದಲೇ ಕೈ ಅಡ್ಡ ಹಿಡಿದು ನೋಡುತ್ತಾ ನಿಂತಿದ್ದರು. "ಅಲ್ಲಿ ಬೇಡ ಮಗಾ" ಅಂದರು. "ಈಗ ಸೂರ್ಯ ನೆತ್ತಿ ಮೇಲೆ ಇದ್ದಾನೆ. ಧನು ತಿಂಗಳಲ್ಲಿ ಆ ಅಡಿಕೆ ಕಂಗಿನ ಸಾಲಿನ ಹಿಂದಿನಿಂದ ಬರ್ತಾನೆ. ಹತ್ತೂವರೆವರೆಗೆ ಅಲ್ಲಿ ನೆರಳು. ಆಗಲ್ವಾ ಚಳಿ ಇರುವುದು?"

ಹುಡುಗರು ಸುಮ್ಮನಾದರು. ಅತ್ತೆ ಹೇಳಿದ್ದು ಅಕ್ಷರಶಃ ಸರಿ. ನಮ್ಮ ಊರು ಭೂಮಧ್ಯರೇಖೆಯಿಂದ ಹನ್ನೆರಡು ಡಿಗ್ರಿ ಚಿಲ್ಲರೆ ಬಡಗಿಗಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ, ಯಾವ ಮರದ ನೆರಳೂ ದೂರ ಹೋಗುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ನಡು ಮಧ್ಯಾಹ್ನವೂ ನೆತ್ತಿಯಿಂದ 36 ಡಿಗ್ರಿಯಷ್ಟು ತೆಂಕಕ್ಕೆ ವಾಲಿರುತ್ತಾನೆ. ತೆಂಕಿನಲ್ಲಿ ಎತ್ತರದ ಕಂಗು ಇದ್ದರೆ ನೆರಳು ಅಂಗಳದ ಅರ್ಧಕ್ಕೆ ಬಂದು ಮಲಗುತ್ತದೆ.

ಇದನ್ನು ಅತ್ತೆ ಯಾವ ಪುಸ್ತಕದಲ್ಲೂ ಓದಿದವರಲ್ಲ. ಚಾಲಿ ಅಡಿಕೆ ಒಣಗಲು ಒಂದೂವರೆ ತಿಂಗಳ ಹತ್ತಿರ ಬೇಕು. ವರ್ಷ ವರ್ಷವೂ ಅಂಗಳದಲ್ಲಿ ಅಡಿಕೆ ಹರಡಿ, ಕಾಲಿನಲ್ಲಿ ಕೆದಕಿ, ನೆರಳು ಬಂದ ಕಡೆಯಿಂದ ಬಿಸಿಲಿನ ಕಡೆಗೆ ಬಾಚಿ ಬಾಚಿ ಅವರಿಗೆ ಬಿಸಿಲಿನ ಹಾದಿ ಬಾಯಿಪಾಠ. ಸೀದಾ ಅಂಗಳದ ಬಡಗು ಮೂಲೆಗೆ ನಡೆದರು. ಅಲ್ಲೊಂದು ಕಡೆ ಮಣ್ಣಿನಲ್ಲಿ ಹಿಮ್ಮಡಿ ಒತ್ತಿ ಗುರುತು ಮಾಡಿದರು. "ಇಲ್ಲಿ ಎಂಟಕ್ಕೆ ಬಿಸಿಲು ಬಂದರೆ ನಾಲ್ಕರವರೆಗೆ ಹೋಗುವುದಿಲ್ಲ. ಇಲ್ಲಿಯೇ ಕಟ್ಟೆ ಕಟ್ಟಿ ಇಡಿ. ನೆರಳು ಆಚೆ ಬದಿಗೆ ಬೀಳ್ತದೆ, ನನ್ನ ಅಡಿಕೆಗೆ ತೊಂದರೆ ಇಲ್ಲ."

ಹುಡುಗರಿಗೆ ಒಂದು ತಕರಾರು ಇತ್ತು. ಅಲ್ಲಿಂದ ಬಚ್ಚಲಿಗೆ ಪೈಪ್ ಉದ್ದ ಆಗುತ್ತದೆ. ಮುಕ್ಕಾಲು ಇಂಚಿನ ಪೈಪ್ 20 ಮೀಟರ್ ಹೋದರೆ ಅದರೊಳಗೇ ಐದಾರು ಲೀಟರ್ ತಣ್ಣೀರು ನಿಂತಿರುತ್ತದೆ, ಅದು ಖಾಲಿಯಾದ ಮೇಲೆಯೇ ಬಿಸಿ ಬರುವುದು. ಈ ಮಾತಿಗೆ ಅತ್ತೆ ಒಪ್ಪಿದರು. ಅದಕ್ಕೊಂದು ಬಕೆಟ್ ಇಟ್ಟು ಬಸಳೆ ಚಪ್ಪರದ ಬುಡಕ್ಕೆ ಹೊಯ್ಯುವುದು ಅಂತ ಆಯಿತು. ಪೈಪ್ ಬಿಸಿ ತಡೆಯುವ ಸಿಪಿವಿಸಿಯದ್ದು, ಮೇಲೆ ಕಪ್ಪು ಫೋಮಿನ ಹೊದಿಕೆ. ಕಟ್ಟೆಗೆ ಕೆಂಪು ಮುರಕಲ್ಲು ತರಿಸಿ ಕಟ್ಟಿ ಒಣಗುವವರೆಗೆ ಕೊಳವೆಗಳ ಪೆಟ್ಟಿಗೆ ಚಾವಡಿಯಲ್ಲೇ ಉಳಿಯಿತು. ಟ್ಯಾಂಕಿ ಬಚ್ಚಲಿನ ನಲ್ಲಿಗಿಂತ ಮೇಲೆ ಬರುವಷ್ಟು ಎತ್ತರಕ್ಕೆ ಕಟ್ಟೆ ಎಬ್ಬಿಸಿದೆವು.

ಕೊಳವೆಗಳನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆಗಲೇ. ಗಾಜಿನೊಳಗೆ ಇನ್ನೊಂದು ಗಾಜು, ಎರಡರ ನಡುವೆ ಗಾಳಿ ತೆಗೆದಿರುತ್ತಾರೆ. ಒಳಗಿನ ಗಾಜಿಗೆ ಬಿಸಿಲು ಹೀರುವ ಕಪ್ಪು ಲೇಪ. ಒಳಗೆ ನೀರು ಕುದಿಯುವಷ್ಟು ಬಿಸಿಯಾದರೂ ಹೊರಗೆ ಕೈ ಇಟ್ಟರೆ ತಣ್ಣಗೆ. ಬಿಸಿಯಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗೆ ಇಳಿಯುತ್ತದೆ. ಪಂಪ್ ಬೇಡ. ಒಂದೇ ಒಂದು ಕೊಳವೆ ಒಡೆದರೆ ಮಾತ್ರ ಟ್ಯಾಂಕಿಯ ನೀರು ಅಲ್ಲಿಂದಲೇ ಸೋರಿಹೋಗುತ್ತದೆ. ಹಾಗಾಗಿ ತೆಂಗಿನಕಾಯಿ, ಮಡಲು ಬೀಳುವ ಜಾಗದಿಂದ ದೂರ ಇರಬೇಕು. ಅತ್ತೆ ಗುರುತು ಮಾಡಿದ ಮೂಲೆಗೆ ಯಾವ ತೆಂಗೂ ಹತ್ತಿರ ಇರಲಿಲ್ಲ. ಮಂಗಗಳ ಕಾಟಕ್ಕೆ ಬಲೆ ಹಾಕಿಸಿದೆವು.

ಇನ್ನು ನೀರಿನ ಮಾತು. ನಮ್ಮ ಮನೆಗೆ ಗುಡ್ಡದ ಸುರಂಗದಿಂದ ನೀರು. ಕಾಸರಗೋಡಿನ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಆಳೆತ್ತರದ ಗುಹೆ, ಒಳಗೆ ಒಸರುವ ನೀರು ಪೈಪಿನಲ್ಲಿ ತಾನಾಗಿ ಇಳಿದು ಮನೆಗೆ ಬರುತ್ತದೆ. ಈ ಪೈಪನ್ನು ನೇರ ಸೋಲಾರಿಗೆ ಸಿಕ್ಕಿಸುವಂತಿಲ್ಲ ಅಂತ ಹುಡುಗರು ಹೇಳಿದರು. ನೀರು 10 ಮೀಟರ್ ಎತ್ತರದಿಂದ ಇಳಿದರೇ ಒಂದು ವಾತಾವರಣದಷ್ಟು ಒತ್ತಡ ಬೀಳುತ್ತದೆ. ಈ ಮಾದರಿಯ ಟ್ಯಾಂಕಿ, ಕೊಳವೆ ಬುಡದ ರಬ್ಬರು ಅದನ್ನು ತಡೆಯುವುದಿಲ್ಲ. ಸೋಲಾರ್ ಟ್ಯಾಂಕಿಗಿಂತ ತುಸು ಎತ್ತರದಲ್ಲಿ, ಗುಡ್ಡದ ಬರೆಯ ಮೇಲೆ, ಒಂದು ಸಣ್ಣ ಪ್ಲಾಸ್ಟಿಕ್ ಟ್ಯಾಂಕಿ ಇಟ್ಟು, ಫ್ಲೋಟ್ ವಾಲ್ವ್ ಹಾಕಿ, ಅಲ್ಲಿಂದ ನೀರು ಕೊಟ್ಟರು. ಗಾಳಿ ಹೋಗಲು ಬಿಸಿನೀರಿನ ಟ್ಯಾಂಕಿಯ ತಲೆಯಿಂದ ಒಂದು ಪೈಪ್ ಮೇಲಕ್ಕೆ ಬಿಟ್ಟರು.

ಮುರಕಲ್ಲಿನಿಂದ ಬರುವ ನೀರು ಕುಡಿಯಲು ಸಿಹಿ. ಆದರೆ ಸ್ವಲ್ಪ ಆಮ್ಲದ ಗುಣ ಇರುತ್ತದೆ. ಹಳೆ ತಾಮ್ರದ ಹಂಡೆಯ ಒಳಗೆ ನೀರು ನಿಂತ ಗೆರೆಯಲ್ಲಿ ಹಸಿರು ಕಟ್ಟುತ್ತಿದ್ದುದು ಅದರಿಂದಲೇ. ತಾಮ್ರದ ಕೊಳವೆ ಇರುವ ಚಪ್ಪಟೆ ಪ್ಯಾನೆಲಿನ ಸೋಲಾರ್ ಗಟ್ಟಿಮುಟ್ಟು ಅಂತ ಕೆಲವರು ಹೇಳಿದ್ದರು. ನಮ್ಮ ನೀರಿಗೆ ಗಾಜಿನ ಕೊಳವೆ, ಸ್ಟೀಲಿನ ಟ್ಯಾಂಕಿಯೇ ಲೇಸು ಅನ್ನಿಸಿತು. ಗಟ್ಟಿ ನೀರಿನ ಊರಿನವರ ಕಷ್ಟವೇ ಬೇರೆ, ಅಲ್ಲಿ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ನೀರು ನೋಡದೆ ಸೋಲಾರ್ ತಗೊಳ್ಳಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಮರುದಿನ ಸಂಜೆ ನಲ್ಲಿ ತಿರುಗಿಸಿದಾಗ ಬಂದ ನೀರಿಗೆ ಕೈ ಒಡ್ಡಲು ಆಗಲಿಲ್ಲ. ಗುಡ್ಡದಿಂದ ತಾನಾಗಿ ಇಳಿದ ನೀರು, ಬಿಸಿಲಿಗೆ ತಾನಾಗಿ ಕಾದದ್ದು. ಒಂದು ತುಂಡು ಕಟ್ಟಿಗೆ ಇಲ್ಲ, ಒಂದು ಯೂನಿಟ್ ಕರೆಂಟ್ ಇಲ್ಲ. ನನಗಂತೂ ಅಷ್ಟು ಸಂತೋಷ ಬಹಳ ದಿನದಿಂದ ಆಗಿರಲಿಲ್ಲ.

ಅತ್ತೆ ಮಾತ್ರ ಆಗಲೇ ಮಳೆಗಾಲ ಯೋಚಿಸುತ್ತಿದ್ದರು. "ಆಟಿಯಲ್ಲಿ ಎಂತ ಮಾಡ್ತೀರಿ?" ಜೂನ್ ಜುಲೈಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರು ನಮ್ಮದು. ಟ್ಯಾಂಕಿಯೊಳಗೇ ಕರೆಂಟಿನ ಕಾಯಿಲ್ ಹಾಕಿಸಬಹುದು, ಆದರೆ ಎರಡು ಬಕೆಟ್ ನೀರು ಬೇಕಾದರೂ ದೊಡ್ಡ ಟ್ಯಾಂಕಿಯ ಬಹುಪಾಲು ನೀರನ್ನು ಕಾಯಿಸಬೇಕು. ನಾವು ಕಟ್ಟಿಗೆಯನ್ನು ಬಿಡಲಿಲ್ಲ, ಒಲೆಯನ್ನು ಬದಲಿಸಿದೆವು. ನಡುವೆ ಹೊಗೆ ಕೊಳವೆ ಹಾದುಹೋಗುವ, ಸುತ್ತ ಶಾಖ ತಡೆಯುವ ಹೊದಿಕೆ ಇರುವ ಸ್ಟೀಲಿನ ಬಾಯ್ಲರ್. ಹೊಗೆ ಚಿಮಣಿಯಲ್ಲಿ ಮಾಡಿನಿಂದ ಮೇಲೆ ಹೋಗುತ್ತದೆ.

ಕಟ್ಟಿಗೆಯ ಲೆಕ್ಕ ತಿಳಿದಾಗ ನನಗೆ ಬೇಸರವೇ ಆಯಿತು. ಒಂದು ಕಿಲೋ ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖ ಇದೆ. ಗೀಸರ್ ಲೆಕ್ಕದಲ್ಲಿ 100 ಲೀಟರಿಗೆ ಬೇಕಾದದ್ದು ಅಷ್ಟೇ. ಹಳೆ ಒಲೆಗೆ ದಿನವೂ ಹೊರೆ ಹೊರೆ ತುಂಬುತ್ತಿದ್ದೆವಲ್ಲ, ಅದರಲ್ಲಿ ಹೆಚ್ಚಿನದು ಗೋಡೆಗೆ, ಗಾಳಿಗೆ, ಅತ್ತೆಯ ಶ್ವಾಸಕ್ಕೆ ಹೋಗಿತ್ತು. ಹೊಸ ಬಾಯ್ಲರಿಗೆ ಗೆರಟೆ, ಕೊತ್ತಳಿಗೆಯ ನಾಲ್ಕು ತುಂಡು ಸಾಕಾಗುತ್ತದೆ. ಅಡಿಕೆ ಸಿಪ್ಪೆ ಈಗ ಪೂರ್ತಿ ತೋಟಕ್ಕೇ ಹೋಗುತ್ತದೆ. ಬೂದಿ ಕಮ್ಮಿಯಾಯಿತು, ಅಳಸಂಡೆ ಸಾಲಿಗೆ ಸಾಲುವುದಿಲ್ಲ ಅಂತ ಅತ್ತೆಗೆ ಸಣ್ಣ ಕೊರಗು ಇದೆ.

ಬಾಯ್ಲರಿಗೆ ಹೋಗುವ ನೀರು ಸೋಲಾರಿನಿಂದಲೇ ಬರುವ ಹಾಗೆ ಪೈಪ್ ಜೋಡಿಸಿಕೊಟ್ಟ ಪ್ಲಂಬರಿಗೆ ನಾನು ಋಣಿ. ಮೋಡದ ದಿನವೂ ಸೋಲಾರ್ ನೀರು ಪೂರ್ತಿ ತಣ್ಣಗಿರುವುದಿಲ್ಲ. 25ರ ಬದಲು 35 ಡಿಗ್ರಿಯ ನೀರು ಬಂದರೂ, 55ಕ್ಕೆ ಕಾಯಿಸುವ ಕೆಲಸದಲ್ಲಿ ಮೂರರಲ್ಲಿ ಒಂದು ಪಾಲು ಉಳಿಯಿತು. ಬಿಸಿಲಿನ ದಿನ ಬಾಯ್ಲರಿನ ಬಾಯಿ ತೆರೆಯುವುದೇ ಇಲ್ಲ. ಹಟ್ಟಿಯ ದನಗಳ ಅಕ್ಕಚ್ಚಿಗೂ ಅದೇ ನೀರು. ಹಂಡೆಯನ್ನು ಮಾರಲಿಲ್ಲ. ದೀಪಾವಳಿಗೆ ನೀರು ತುಂಬುವ ದಿನ ಹುಣಸೆಹಣ್ಣು ಹಾಕಿ ಉಜ್ಜಿ, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತಿ ಬಚ್ಚಲಿನಲ್ಲೇ ಇಡುತ್ತೇವೆ.

ಅತ್ತೆಯ ಕೆಮ್ಮು ಪೂರ್ತಿ ಹೋಗಿಲ್ಲ. ಆದರೆ ಈ ಸಲದ ಮಳೆಗಾಲ ಅವರು ರಾತ್ರಿ ಮಲಗಿ ನಿದ್ದೆ ಮಾಡಿದರು. ಬಾಯ್ಲರ್ ಹೊತ್ತಿಸುವುದು ಈಗ ಇವರ ಕೆಲಸ.

ನಮ್ಮದನ್ನು ನೋಡಿ ಕೆಳಗಿನ ಮನೆಯವರೂ ಸೋಲಾರ್ ಹಾಕಿಸಲು ಹೊರಟು, ಜಾಗ ತೋರಿಸಲು ಅತ್ತೆಯನ್ನು ಕರೆದರು. ಅವರ ಮನೆ ತೋಟದ ನಡುವಿನ ತಗ್ಗಿನಲ್ಲಿದೆ. ಅತ್ತೆ ಅಂಗಳದಲ್ಲಿ ಒಂದು ಸುತ್ತು ಹಾಕಿ, ಸುತ್ತಲಿನ ಕಂಗುಗಳ ತಲೆ ನೋಡಿ ಹೇಳಿದರು: "ಇಲ್ಲಿ ಸೋಲಾರ್ ಬೇಡ ಮಾರಾಯ್ತಿ. ನಿನ್ನ ಅಡಿಕೆಯೇ ನಮ್ಮ ಅಂಗಳಕ್ಕೆ ಬಂದು ಒಣಗುವುದಲ್ವಾ? ಬಾಯ್ಲರ್ ಹಾಕಿಸು. ಚಿಮಣಿ ಮಾತ್ರ ಮಾಡಿನಿಂದ ಮೇಲೆ ಹೋಗುವ ಹಾಗೆ ನೋಡಿಕೋ."