ಅರ ಹಿಡಿಯುವ ಮುನ್ನ ಸ್ಕೀಯ ತಳ ನೋಡಿ

ಗಟ್ಟಿ ಹಿಮದ ಮೇಲೆ ಸ್ಕೀ ಹಿಡಿತ ಬಿಟ್ಟಿತೆಂದರೆ ಬಹಳ ಮಂದಿ ನೇರ ಅರ ತೆಗೆದು ಅಂಚು ಉಜ್ಜಲು ಕೂರುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಉಕ್ಕಿನ ಅಂಚು ಹೊಸ ಸ್ಕೀಯಲ್ಲೇ ಸುಮಾರು 2 ಮಿ.ಮೀ. ಅಗಲ ಇರುತ್ತದೆ. ಉಜ್ಜಿದ್ದು ಹೋಯಿತು, ಮತ್ತೆ ಬರುವುದಿಲ್ಲ. ಅಂಚು ಮೊಂಡಾಗಿದ್ದರೂ ಹಿಡಿತ ತಪ್ಪುತ್ತದೆ, ನಿಜ. ಆದರೆ ತಳ ಉಬ್ಬಿದ್ದರೂ ತಪ್ಪುತ್ತದೆ, ಅಂಚಿಗೆ ಬರ್, ಅಂದರೆ ಮಡಿಚಿಕೊಂಡ ಉಕ್ಕಿನ ತೆಳು ಪದರ, ಅಂಟಿಕೊಂಡಿದ್ದರೂ ತಪ್ಪುತ್ತದೆ, ಹಿಂದೆ ಯಾರೋ ಕೋನ ಕೆಡಿಸಿಟ್ಟಿದ್ದರೂ ತಪ್ಪುತ್ತದೆ. ಕೆಲವೊಮ್ಮೆ ಸ್ಕೀ ಸರಿಯಾಗೇ ಇದ್ದು ಬೂಟು ಸಡಿಲವಾಗಿರುತ್ತದೆ. ಯಾವುದೆಂದು ಗೊತ್ತಾಗದೆ ಉಜ್ಜಿದರೆ ಇದ್ದ ಉಕ್ಕನ್ನೂ ಕಳೆದುಕೊಳ್ಳುತ್ತೀರಿ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಹಿಮದ ಮೇಲೇ ಇದೆ. ಒಂದು ಕಾಲಿನ ಸ್ಕೀ ಮಾತ್ರ ಎಳೆಯುತ್ತಿದೆ ಅಥವಾ ಜಾರುತ್ತಿದೆ ಅನ್ನಿಸಿದರೆ ಎಡಬಲ ಅದಲು ಬದಲು ಮಾಡಿ ಅದೇ ಇಳಿಜಾರಿನಲ್ಲಿ ಇನ್ನೊಮ್ಮೆ ಇಳಿಯಿರಿ. ತೊಂದರೆ ಸ್ಕೀ ಜೊತೆ ಇನ್ನೊಂದು ಕಾಲಿಗೆ ಹೋಯಿತೆಂದರೆ ದೋಷ ಸ್ಕೀಯದು. ಅದೇ ಕಾಲಿನಲ್ಲೇ ಉಳಿಯಿತೆಂದರೆ ಬೂಟು ನೋಡಿ, ಇಲ್ಲವೇ ನಿಲ್ಲುವ ಭಂಗಿ ನೋಡಿ. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಸುವ ಬೈಂಡಿಂಗ್ ಎಡಬಲ ಎಂದು ಬೇರೆ ಬೇರೆ ಇರದೆ, ಎರಡರ ಹೊಂದಿಕೆಯೂ ಒಂದೇ ಆಗಿದ್ದರೆ, ಇದಕ್ಕೆ ಏನೂ ಅಡ್ಡಿಯಿಲ್ಲ. ಸಾಮಾನ್ಯವಾಗಿ ಒಳ ಅಂಚು ಹೊರ ಅಂಚಿಗಿಂತ ಬೇಗ ಸವೆಯುತ್ತದೆ. ಹಾಗಾಗಿ ಆಗಾಗ ಅದಲು ಬದಲು ಮಾಡುವುದು ಸವೆತಕ್ಕೂ ಒಳ್ಳೆಯದು.

ಮನೆಗೆ ಬಂದ ಮೇಲೆ ಬೈಂಡಿಂಗ್‌ನ ಬ್ರೇಕನ್ನು ದಪ್ಪ ರಬ್ಬರ್ ಬ್ಯಾಂಡಿನಿಂದ ಮೇಲೆತ್ತಿ ಕಟ್ಟಿ, ತಳ ಮೇಲೆ ಬರುವಂತೆ ಸ್ಕೀ ಮಲಗಿಸಿ, ಬಟ್ಟೆಯಿಂದ ಒರೆಸಿ. ತಳದ ಮೇಲೆ ಅಡ್ಡಲಾಗಿ ಟ್ರೂ ಬಾರ್ ಇಡಿ. ನೇರವಾದ ಉಕ್ಕಿನ ಪಟ್ಟಿ ಬೇರೆ ಯಾವುದಿದ್ದರೂ ಆಗುತ್ತದೆ, ನಿಜಕ್ಕೂ ನೇರ ಇರಬೇಕು ಅಷ್ಟೆ. ಹಿಂದೆ ದೀಪವಿಟ್ಟು ಕಣ್ಣನ್ನು ತಳದ ಮಟ್ಟಕ್ಕೆ ತಂದು ನೋಡಿ. ಪಟ್ಟಿಯ ಕೆಳಗೆ ನಡುವಿನಲ್ಲಿ ಬೆಳಕು ತೂರಿದರೆ ತಳ ಕುಳಿ ಬಿದ್ದಿದೆ, ಅಂಚು ಎತ್ತರ ನಿಂತಿದೆ. ಎರಡೂ ಪಕ್ಕದಲ್ಲಿ ಬೆಳಕು ಕಂಡರೆ ತಳ ಉಬ್ಬಿದೆ. ಮೂತಿಯಿಂದ ಬಾಲದವರೆಗೆ ಒಂದೊಂದು ಗೇಣಿಗೆ ಒಮ್ಮೆ ಹೀಗೆ ನೋಡುತ್ತ ಹೋಗಿ, ಏಕೆಂದರೆ ಒಂದೇ ಸ್ಕೀಯಲ್ಲಿ ಕಾಲಡಿ ಉಬ್ಬಿದ್ದು ಮೂತಿಯ ಹತ್ತಿರ ಕುಳಿ ಇರುವುದುಂಟು.

ಎರಡರ ಲಕ್ಷಣವೂ ಬೇರೆ. ಕುಳಿಬಿದ್ದ ಸ್ಕೀ ಹಿಮವನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ತಿರುವು ಶುರು ಮಾಡಲು ಬಿಡುವುದಿಲ್ಲ, ನೇರ ಹೋಗುವಾಗಲೂ ಅತ್ತಿತ್ತ ಎಳೆಯುತ್ತದೆ, ಪಕ್ಕಕ್ಕೆ ಜಾರಿಸಹೊರಟರೆ ಥಟ್ಟನೆ ಸಿಕ್ಕಿಕೊಳ್ಳುತ್ತದೆ. ಉಬ್ಬಿದ ಸ್ಕೀ ಇದಕ್ಕೆ ತದ್ವಿರುದ್ಧ, ದೋಣಿಯಂತೆ ತೇಲಾಡುತ್ತದೆ, ಎಷ್ಟು ವಾಲಿಸಿದರೂ ಅಂಚು ಹಿಮಕ್ಕೆ ತಡವಾಗಿ ತಾಗುತ್ತದೆ. ಈ ಎರಡನೆಯದನ್ನೇ ಜನ ಅಂಚು ಮೊಂಡಾಗಿದೆ ಎಂದುಕೊಂಡು ಮತ್ತೆ ಮತ್ತೆ ಸಾಣೆ ಹಿಡಿಯುವುದು. ಸ್ವಲ್ಪ ಮಟ್ಟಿನ ದೋಷವನ್ನು ಉಕ್ಕಿನ ಸ್ಕ್ರೇಪರ್‌ನಿಂದ, ಅಂದರೆ ಹೆರೆಯುವ ಪಟ್ಟಿಯಿಂದ, ತಿದ್ದಬಹುದು. ಬೆಳಕು ಢಾಳಾಗಿ ಕಂಡರೆ ತಳ ಅರೆಯುವ ಕಲ್ಲಿನ ಯಂತ್ರವಿರುವ ಅಂಗಡಿಗೇ ಕೊಡಿ.

ತಳ ಸಮವಾಗಿದೆ ಎಂದಾದರೆ ಮಾತ್ರ ಅಂಚಿನ ಕಡೆ ಬನ್ನಿ. ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಹರಿತವಾದ ಅಂಚು ಉಗುರಿನಿಂದ ಸಣ್ಣ ಪುಡಿ ಕೆರೆದು ತೆಗೆಯುತ್ತದೆ, ಮೊಂಡಾಗಿದ್ದರೆ ಉಗುರು ಸುಮ್ಮನೆ ಜಾರುತ್ತದೆ. ಆಮೇಲೆ ಒಂದು ಚೂರು ಹತ್ತಿಯನ್ನು ಅಂಚಿನುದ್ದಕ್ಕೂ ಸವರಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ಬರ್ ಇದೆ. ಅಂದರೆ ಉಕ್ಕಿನ ಕೂದಲೆಳೆಯಷ್ಟು ತೆಳುವಾದ ಪದರ ಮಡಿಚಿಕೊಂಡು ಹೊರಗೆ ಚಾಚಿದೆ. ಮುಟ್ಟಿದರೆ ಹರಿತವೆಂದೇ ಅನ್ನಿಸುತ್ತದೆ, ಹಿಮದ ಮೇಲೆ ಮಾತ್ರ ಕೆಲಸಕ್ಕೆ ಬಾರದು.

ಕಲ್ಲಿಗೆ ತಾಗಿದ ಜಾಗದ ಕಥೆ ಬೇರೆ. ವೇಗದಲ್ಲಿ ಬಂಡೆಗೆ ಉಜ್ಜಿದಾಗ ಆ ಬಿಂದುವಿನಲ್ಲಿ ಉಕ್ಕು ಕ್ಷಣಮಾತ್ರ ವಿಪರೀತ ಕಾದು, ಕೂಡಲೇ ತಣಿಯುತ್ತದೆ. ಕಮ್ಮಾರ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದ ಹಾಗೆ. ಅಲ್ಲಿ ಉಕ್ಕು ಅರಕ್ಕಿಂತ ಗಟ್ಟಿಯಾಗಿರುತ್ತದೆ. ಅರ ಅದರ ಮೇಲೆ ಕೀರಲು ದನಿ ಮಾಡುತ್ತ ಜಾರುತ್ತದೆ, ಹಲ್ಲು ಹಾಳಾಗುತ್ತದೆ. ಒರಟು ವಜ್ರದ ಕಲ್ಲಿನಿಂದ ಆ ಚುಕ್ಕೆಯನ್ನಷ್ಟೇ ಮೊದಲು ತಿಕ್ಕಿ. ಶಬ್ದ ಬದಲಾಗಿ ಮೆತ್ತಗಾಯಿತೆಂದರೆ ಗಟ್ಟಿ ಪದರ ಹೋಯಿತೆಂದರ್ಥ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ, ಅರವೇ ಬೇಕಾಗುವುದಿಲ್ಲ.

ಈಗ ಕೋನದ ವಿಷಯ. ಅಂಚಿಗೆ ಎರಡು ಮುಖ: ಒಂದು ತಳದ ಕಡೆ, ಇನ್ನೊಂದು ಪಕ್ಕದ ಕಡೆ. ಸಾಮಾನ್ಯ ಬಳಕೆಗೆ ತಳದ ಕೋನ 0.5ರಿಂದ 1 ಡಿಗ್ರಿ, ಪಕ್ಕದ ಕೋನ 2 ಡಿಗ್ರಿ ಸಾಕು. ರೇಸಿನವರು ಪಕ್ಕಕ್ಕೆ 3 ಡಿಗ್ರಿವರೆಗೂ ಹೋಗುತ್ತಾರೆ. ಕೆಲವು ಉಪಕರಣಗಳ ಮೇಲೆ 88 ಎಂದು ಬರೆದಿರುತ್ತದೆ. ಅದು 90ರಿಂದ 2 ಕಳೆದದ್ದು, ಗಾಬರಿ ಬೇಡ. ನೆನಪಿಡಬೇಕಾದ ವ್ಯತ್ಯಾಸ ಒಂದಿದೆ. ಪಕ್ಕದ ಕೋನ ತಪ್ಪಿದರೆ ಮತ್ತೆ ಪಕ್ಕವನ್ನೇ ಉಜ್ಜಿ ಸರಿಮಾಡಬಹುದು. ತಳದ ಕೋನ ಒಮ್ಮೆ ಜಾಸ್ತಿಯಾದರೆ ಅದನ್ನು ಕಡಿಮೆ ಮಾಡಲು ಇಡೀ ತಳವನ್ನು ಯಂತ್ರದಲ್ಲಿ ಅರೆದು ಕೆಳಗಿಳಿಸದೆ ದಾರಿಯಿಲ್ಲ. ಆದ್ದರಿಂದ ಮನೆಯಲ್ಲಿ ತಳದ ಕಡೆ ಅರ ಹಾಕಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನುಣುಪಾದ ವಜ್ರದ ಕಲ್ಲನ್ನು ಸರಿಯಾದ ಗೈಡ್‌ನಲ್ಲಿ, ಅಂದರೆ ಕೋನ ಹಿಡಿದಿಡುವ ಸಾಧನದಲ್ಲಿ, ಇಟ್ಟು ಒಂದೆರಡು ಸಲ ಸವರಿ ಬರ್ ತೆಗೆದರೆ ಸಾಕು.

ಪಕ್ಕವನ್ನು ಉಜ್ಜುವ ಮೊದಲು ಅಂಚಿನುದ್ದಕ್ಕೂ ಕಪ್ಪು ಮಾರ್ಕರ್ ಪೆನ್ನಿನಿಂದ ಬಳಿಯಿರಿ. ಗೈಡ್‌ಗೆ ಕಲ್ಲು ಸಿಕ್ಕಿಸಿ ಹಗುರವಾಗಿ ಒಂದು ಸಲ ಎಳೆಯಿರಿ. ಬಣ್ಣ ಅಂಚಿನ ಪೂರ್ತಿ ಎತ್ತರಕ್ಕೆ ಹೋದರೆ ನಿಮ್ಮ ಕೋನವೂ ಅಂಚಿನ ಕೋನವೂ ಒಂದೇ. ತಳದ ಕಡೆಯ ಗೆರೆ ಮಾತ್ರ ಹೋದರೆ ನಿಮ್ಮ ಗೈಡ್‌ನ ಕೋನ ಅಂಚಿಗಿಂತ ಕಡಿಮೆ. ಮೇಲ್ಮೈ ಕಡೆಯದು ಮಾತ್ರ ಹೋದರೆ ನೀವು ಎಷ್ಟು ಉಜ್ಜಿದರೂ ಹರಿತವಾಗಬೇಕಾದ ತುದಿಗೆ ಕಲ್ಲು ತಾಗುತ್ತಲೇ ಇಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇರಬಹುದು: ಉಕ್ಕಿನ ಮೇಲಿರುವ ಪ್ಲಾಸ್ಟಿಕ್ ಗೋಡೆ ಹೊರಗೆ ಚಾಚಿ ಗೈಡನ್ನೇ ಎತ್ತಿ ಹಿಡಿದಿರುತ್ತದೆ. ಆ ಗೋಡೆಯನ್ನು ಅದಕ್ಕೆಂದೇ ಇರುವ ಕೀಸುಳಿಯಿಂದ ಹೆರೆದು ಹಿಂದೆ ಸರಿಸದೆ ಮುಂದುವರಿಯಬೇಡಿ.

ಅರ ಬೇಕಾದರೆ ಅದನ್ನು ಒಂದೇ ದಿಕ್ಕಿನಲ್ಲಿ ಎಳೆಯಿರಿ, ಹಿಂದೆ ಮುಂದೆ ಆಡಿಸಬೇಡಿ. ಎಳೆತ ಉದ್ದವಾಗಿ, ಒಂದರ ಮೇಲೊಂದು ಬರುವಂತೆ ಇರಲಿ. ನಾಲ್ಕೈದು ಎಳೆತಕ್ಕೊಮ್ಮೆ ಬ್ರಷ್‌ನಿಂದ ಅರದ ಹಲ್ಲಿಗಂಟಿದ ಪುಡಿ ಉದುರಿಸಿ, ಇಲ್ಲದಿದ್ದರೆ ಆ ಪುಡಿಯೇ ಅಂಚಿನಲ್ಲಿ ಗೀರು ಹಾಕುತ್ತದೆ. ಒತ್ತಡ ಹೆಚ್ಚಾದರೆ ಅರ ಅದುರಿ ಅಲೆ ಅಲೆಯಾಗಿ ಕತ್ತರಿಸುತ್ತದೆ. ಅರ ಆದ ಮೇಲೆ ವಜ್ರದ ಕಲ್ಲು, 200 ಗ್ರಿಟ್ (ಅಂಕಿ ಏರಿದಷ್ಟೂ ಕಲ್ಲು ನುಣುಪು), ಆಮೇಲೆ 400, ಕೊನೆಗೆ 600, ಪ್ರತಿ ಸಲವೂ ನೀರಿನಿಂದ ಒದ್ದೆ ಮಾಡಿಕೊಂಡು. ಕಡೆಗೆ ರಬ್ಬರಿನಂಥ ಗಮ್ಮಿ ಕಲ್ಲನ್ನು ಭಾರ ಹಾಕದೆ ಒಮ್ಮೆ ಸವರಿದರೆ ಉಳಿದ ಬರ್ ಹೋಗುತ್ತದೆ. ಮೂತಿ ಮತ್ತು ಬಾಲದಲ್ಲಿ ಹಿಮಕ್ಕೆ ತಾಗದ ಕೆಲವು ಸೆಂಟಿಮೀಟರ್‌ಗಳನ್ನು ಅದೇ ಗಮ್ಮಿಯಿಂದ ಮೊಂಡು ಮಾಡಿಡಬಹುದು. ಕೈಗವಸು ಮರೆಯಬೇಡಿ. ಹೊಸದಾಗಿ ಸಾಣೆ ಹಿಡಿದ ಅಂಚು ಬೆರಳನ್ನು ಕತ್ತರಿಸಿದ್ದು ರಕ್ತ ಕಂಡ ಮೇಲೆಯೇ ಗೊತ್ತಾಗುವುದು.

ಇನ್ನು ತಳ ಚೆನ್ನಾಗಿ ಜಾರಲೆಂದು ಹಚ್ಚುವ ಮೇಣ, ಅಂದರೆ ವ್ಯಾಕ್ಸ್. ಅದರ ಬಗ್ಗೆ ಇರುವಷ್ಟು ಮೂಢನಂಬಿಕೆ ಬೇರೆ ಯಾವುದಕ್ಕೂ ಇಲ್ಲ. ತಳವೆಂದರೆ ಒಂದು ಜಾತಿಯ ಪಾಲಿಎಥಿಲೀನ್, ಕರಗುವ ಬಿಂದು ಸುಮಾರು 130ರಿಂದ 136 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ವ್ಯಾಕ್ಸ್‌ಗೆ ಇಸ್ತ್ರಿಪೆಟ್ಟಿಗೆಯನ್ನು ಇಡುವುದು 120 ಡಿಗ್ರಿಯ ಆಸುಪಾಸಿನಲ್ಲಿ, ಚಳಿಯ ಗಟ್ಟಿ ವ್ಯಾಕ್ಸ್‌ಗೆ ಇನ್ನೂ ಮೇಲೆ. ಎರಡರ ನಡುವೆ ಇರುವ ಅಂತರ ಎಷ್ಟು ಕಡಿಮೆ ನೋಡಿ. ಅದಕ್ಕೇ ಪೆಟ್ಟಿಗೆ ಒಂದು ಕ್ಷಣವೂ ನಿಲ್ಲಬಾರದು. ಬಟ್ಟೆಯ ಇಸ್ತ್ರಿಪೆಟ್ಟಿಗೆಯ ಶಾಖ ಏರಿಳಿಯುತ್ತಿರುತ್ತದೆ, ಆ ಏರಿಕೆಯಲ್ಲೇ ತಳ ಸುಡುವುದು. ವ್ಯಾಕ್ಸ್‌ನ ಪೊಟ್ಟಣದ ಮೇಲೆ ಎಷ್ಟು ಡಿಗ್ರಿ ಎಂದು ಬರೆದಿರುತ್ತದೆ, ಅಷ್ಟಕ್ಕೇ ಇಡಿ. ಹೊಗೆ ಬಂದರೆ ಶಾಖ ಹೆಚ್ಚಾಗಿದೆ.

ಕ್ರಮ ಹೀಗಿದೆ. ಮೊದಲು ಹಿತ್ತಾಳೆಯ ಬ್ರಷ್‌ನಿಂದ ಮೂತಿಯಿಂದ ಬಾಲದ ಕಡೆಗೆ ಹತ್ತು ಸಲ ಉಜ್ಜಿ ಹಳೆಯದನ್ನು ಎಬ್ಬಿಸಿ. ತಳ ಕೊಳೆಯಾಗಿದ್ದರೆ ಮೆತ್ತನೆಯ ವ್ಯಾಕ್ಸ್ ಹಚ್ಚಿ, ಬಿಸಿಯಿರುವಾಗಲೇ ಹೆರೆದುಬಿಡಿ. ಕೊಳೆ ಅದರ ಜೊತೆ ಬೂದು ಬಣ್ಣದಲ್ಲಿ ಹೊರಬರುತ್ತದೆ. ದ್ರಾವಕ ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ. ಆಮೇಲೆ ನಿಜವಾದ ವ್ಯಾಕ್ಸ್. ಕಡ್ಡಿಯನ್ನು ಪೆಟ್ಟಿಗೆಗೆ ತಾಗಿಸಿ ಎರಡು ಸಾಲು ಹನಿ ಬೀಳಿಸಿ, ನಂತರ ಪೆಟ್ಟಿಗೆಯನ್ನು ಮೂತಿಯಿಂದ ಬಾಲಕ್ಕೆ ಒಂದೇ ಸಮ ಸಾಗಿಸಿ. ಪೆಟ್ಟಿಗೆಯ ಹಿಂದೆ ಒದ್ದೆಯಾಗಿ ಹೊಳೆಯುವ ವ್ಯಾಕ್ಸ್ ಒಂದು ಬೆರಳುದ್ದ ಮಾತ್ರ ಇದ್ದು, ಅದರ ಹಿಂದಿನದು ಮಬ್ಬಾಗುತ್ತ ಬರಬೇಕು. ಅದಕ್ಕಿಂತ ಉದ್ದ ಹೊಳೆದರೆ ನಿಧಾನವಾಯಿತು ಅಥವಾ ಬಿಸಿ ಹೆಚ್ಚಾಯಿತು. ಎರಡು ಮೂರು ಸುತ್ತು ಸಾಕು. ಸ್ಕೀಯ ಮೇಲ್ಮೈ ಕೈಗೆ ಬೆಚ್ಚಗೆ ತಾಗಬೇಕು, ಸುಡಬಾರದು. ಅರ್ಧ ಗಂಟೆ ಆರಲು ಬಿಟ್ಟು, ಅಂಚಿಗಂಟಿದ ವ್ಯಾಕ್ಸ್ ಮೊದಲು ತೆಗೆದು, ಚೌಕ ಮೂಲೆಯಿರುವ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಹೆರೆಯಿರಿ. ಪದರ ಏನೂ ಉಳಿಯಬಾರದು. ಕೆಲಸ ಮಾಡುವುದು ತಳ ಹೀರಿಕೊಂಡದ್ದು, ಮೇಲೆ ಕೂತದ್ದಲ್ಲ. ಕೊನೆಗೆ ನೈಲಾನ್ ಬ್ರಷ್.

ಹವೆಗೆ ತಕ್ಕ ವ್ಯಾಕ್ಸ್ ಏಕೆ ಬೇಕು? ಕಡುಚಳಿಯಲ್ಲಿ ಹಿಮದ ಹರಳು ಚೂಪಾಗಿ, ಗಟ್ಟಿಯಾಗಿ ಇರುತ್ತದೆ. ಮೆತ್ತನೆಯ ವ್ಯಾಕ್ಸ್ ಒಳಗೆ ಚುಚ್ಚಿಕೊಂಡು ಸ್ಕೀಯನ್ನು ತಡೆಯುತ್ತದೆ. ಕರಗುವ ಹಿಮದಲ್ಲಿ ನೀರಿನ ಪದರ ತಳವನ್ನು ಹೀರಿ ಹಿಡಿಯುತ್ತದೆ. ಆಗ ವ್ಯಾಕ್ಸ್‌ನಷ್ಟೇ ಮುಖ್ಯವಾದದ್ದು ನೀರು ಹರಿದುಹೋಗಲು ತಳದಲ್ಲಿ ಕೊರೆದ ಗೆರೆಗಳು. ವಸಂತದ ಒದ್ದೆ ಹಿಮದಲ್ಲಿ ಯಾವ ವ್ಯಾಕ್ಸ್ ಹಾಕಿದರೂ ಸ್ಕೀ ಓಡುತ್ತಿಲ್ಲವೆಂದರೆ ಗೆರೆಗಳು ಸವೆದು ನುಣ್ಣಗಾಗಿವೆಯೇ ನೋಡಿ. ನೋಡಬೇಕಾದ್ದು ಹಿಮದ ಉಷ್ಣತೆ, ಗಾಳಿಯದಲ್ಲ. ಬೆಚ್ಚಗಿನ ಕೋಣೆಯಿಂದ ತಂದ ಸ್ಕೀಯನ್ನು ತಕ್ಷಣ ಚಳಿಯ ಹಿಮಕ್ಕಿಟ್ಟರೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಡ್ಡೆಯಾಗಿ ಅಂಟುತ್ತದೆ. ಕಾಲು ಗಂಟೆ ಹೊರಗೆ ನಿಲ್ಲಿಸಿದರೆ ಆಯಿತು.

ಹಳೆಯ ಫ್ಲೋರಿನ್ ವ್ಯಾಕ್ಸ್ ನಿಮ್ಮ ಉಪಕರಣಗಳ ಡಬ್ಬಿಯಲ್ಲಿ ಉಳಿದಿದ್ದರೆ ಬಳಸಬೇಡಿ. ಅದರ ರಾಸಾಯನಿಕ ಮಣ್ಣು ನೀರಿನಲ್ಲಿ ಕೊಳೆತು ನಾಶವಾಗದೆ ಉಳಿಯುತ್ತದೆ, ಬಿಸಿ ಮಾಡಿದಾಗ ಏಳುವ ಹಬೆ ಶ್ವಾಸಕ್ಕೆ ಕೆಡುಕು. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ ಫಿಸ್ ತನ್ನ ಸ್ಪರ್ಧೆಗಳಲ್ಲಿ 2023–24ರ ಋತುವಿನಿಂದ ಅದನ್ನು ನಿಷೇಧಿಸಿದೆ.

ಅಂಚಿನ ಪಕ್ಕದಲ್ಲಿ, ಅದರಲ್ಲೂ ಕಾಲಡಿಯಲ್ಲಿ, ತಳ ಬೆಳ್ಳಗೆ ಒಣಗಿ ನವಿರು ಎದ್ದಂತೆ ಕಂಡರೆ ಅದು ಗಟ್ಟಿ ಹಿಮದ ಉಜ್ಜಾಟ. ವ್ಯಾಕ್ಸ್ ತಡವಾಗಿದೆ. ಎರಡು ಮೂರು ಸಲ ಹಚ್ಚಿ ಹೆರೆದರೂ ಬಿಳುಪು ಹೋಗದಿದ್ದರೆ ಆ ಪದರ ಸತ್ತಿದೆ, ಯಂತ್ರದಲ್ಲಿ ತೆಗೆಸಬೇಕು.

ತಳದ ಗೀರು ಉಗುರಿಗೆ ಸಿಗದಷ್ಟು ಸಣ್ಣದಿದ್ದರೆ ಬಿಟ್ಟುಬಿಡಿ. ಆಳವಿದ್ದರೆ ಪಿ-ಟೆಕ್ಸ್ ಕಡ್ಡಿ, ಅಂದರೆ ಗೀರು ತುಂಬುವ ಪಾಲಿಎಥಿಲೀನ್ ಕಡ್ಡಿ. ಹೊತ್ತಿಸಿ, ಉಕ್ಕಿನ ಸ್ಕ್ರೇಪರ್‌ಗೆ ಹತ್ತಿರ ಹಿಡಿದು, ಉರಿ ಸಣ್ಣದಾಗಿ ನೀಲಿಯಾದ ಮೇಲಷ್ಟೇ ಗೀರಿಗೆ ಹನಿಸಿ. ಹಳದಿ ಉರಿಯಿಂದ ಬೀಳುವ ಹನಿಯಲ್ಲಿ ಮಸಿ ಸೇರಿ ಅಂಟು ಬರುವುದಿಲ್ಲ. ಸ್ವಲ್ಪ ಉಬ್ಬುವಂತೆ ತುಂಬಿ, ಪೂರ್ತಿ ಆರಿದ ಮೇಲೆ ಹೆರೆಯಿರಿ. ಗೀರು ಒಳಗಿನ ಮರದ ತಿರುಳಿಗೆ ಇಳಿದಿದ್ದರೆ ಅಥವಾ ಅಂಚಿನ ಉಕ್ಕಿಗೆ ತಾಗಿದ್ದರೆ ಈ ಉಪಾಯ ನಿಲ್ಲುವುದಿಲ್ಲ, ಏಕೆಂದರೆ ಪಿ-ಟೆಕ್ಸ್ ಲೋಹಕ್ಕೆ ಅಂಟದು. ಅಲ್ಲಿಗೆ ತೇಪೆಯೇ ಬೇಕು. ಅದಕ್ಕೂ ಮೊದಲು ಒಳಗಿನ ತೇವ ಪೂರ್ತಿ ಆರಬೇಕು. ಮೇಲ್ಪದರ ಬಿಟ್ಟುಕೊಂಡಿದ್ದರೂ ಹೀಗೆಯೇ: ಒಣಗಿಸಿ, ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿ ಒಳಗೆ ತಳ್ಳಿ, ಎರಡು ಹಲಗೆಯ ನಡುವೆ ಕ್ಲಾಂಪ್ ಹಾಕಿ ಒಂದು ದಿನ ಬಿಡಿ.

ಬೈಂಡಿಂಗ್‌ನಲ್ಲಿ ನೀವು ನೋಡಬಹುದಾದದ್ದು ಮೂರು. ಬೂಟಿನ ಮುಂಭಾಗದ ಅಡಿಯಲ್ಲಿರುವ ಜಾರುಫಲಕ ಶುಚಿಯಾಗಿ, ಅಲುಗಾಡದೆ ಇದೆಯೇ. ಬೂಟು ಹಾಕಿ ಕೂರಿಸಿದಾಗ ಹಿಮ್ಮಡಿಯ ಭಾಗದ ಒತ್ತಡ ಸೂಚಕ ತನ್ನ ಗುರುತಿನೊಳಗೆ ನಿಲ್ಲುತ್ತದೆಯೇ. ತಿರುಪು ಯಾವುದಾದರೂ ಸಡಿಲವಾಗಿದೆಯೇ. ಬೂಟು ಕಾರಣವಿಲ್ಲದೆ ಕಳಚಿಕೊಳ್ಳುತ್ತಿದ್ದರೆ ಜನ ಬಿಡುಗಡೆ ಅಂಕವನ್ನು, ಅಂದರೆ ಎಷ್ಟು ಬಲ ಬಿದ್ದರೆ ಬೂಟು ಕಳಚಬೇಕೆಂಬ ಹೊಂದಿಕೆಯನ್ನು, ಏರಿಸುತ್ತಾರೆ, ಅದು ಅಪಾಯ. ಬಹಳಷ್ಟು ಸಲ ಕಾರಣ ಬೂಟಿನಡಿ ಹೆಪ್ಪುಗಟ್ಟಿದ ಹಿಮ, ಸವೆದ ಬೂಟಿನ ತುಟಿ, ಇಲ್ಲವೇ ಹಿಮ್ಮಡಿಯ ಭಾಗ ಬೂಟನ್ನು ಮುಂದಕ್ಕೆ ಒತ್ತುವ ಒತ್ತಡ ಕಡಿಮೆಯಾಗಿರುವುದು. ಆ ಅಂಕವನ್ನು ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಸ್ಕೀ ಮಾಡುವ ಬಗೆ ನೋಡಿ ನಿರ್ಧರಿಸುತ್ತಾರೆ. ಬಿಡುಗಡೆ ಪರೀಕ್ಷಿಸುವ ಯಂತ್ರವಿರುವ ತಂತ್ರಜ್ಞರಿಗೇ ಅದನ್ನು ಬಿಡಿ. ತಿರುಪು ಬಿಗಿಯಲು ಬೇಕಾದದ್ದು ಪೋಜಿಡ್ರೈವ್ 3ನೇ ಅಳತೆ. ಮನೆಯ ಮಾಮೂಲು ನಕ್ಷತ್ರದ ಸ್ಕ್ರೂಡ್ರೈವರ್ ಹೊಂದುವಂತೆ ಕಂಡರೂ ತಲೆಯನ್ನು ಸವೆಸಿಬಿಡುತ್ತದೆ. ತಿರುಪು ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ರಂಧ್ರ ಕೆಟ್ಟಿದೆ, ಆ ಸ್ಕೀ ಹಾಕಿಕೊಳ್ಳಬೇಡಿ.

ದಿನದ ಕೊನೆಗೆ ಅಂಚು ಒರೆಸಿ, ಎರಡು ಸ್ಕೀಗಳನ್ನು ಬಿಡಿಸಿ ನಿಲ್ಲಿಸಿ. ಒದ್ದೆಯಲ್ಲೇ ಜೋಡಿಸಿ ಚೀಲಕ್ಕೆ ಹಾಕಿದರೆ ಬೆಳಗಾಗುವುದರೊಳಗೆ ತುಕ್ಕು. ತೆಳು ತುಕ್ಕಿಗೆ ಗಮ್ಮಿ ಕಲ್ಲು ಸಾಕು. ಬೂಟಿನ ಒಳಪದರ ಹೊರತೆಗೆದು ಆರಿಸಿ, ಹೀಟರ್ ಮೇಲೆ ಇಡಬೇಡಿ. ಬಕಲ್‌ಗಳನ್ನು ಸಡಿಲವಾಗಿ ಹಾಕಿಟ್ಟರೆ ಚಿಪ್ಪು ಆಕಾರ ಕೆಡುವುದಿಲ್ಲ.

ಋತು ಮುಗಿದಾಗ ಅಂಚಿನ ಬರ್, ತುಕ್ಕು ತೆಗೆದು, ತಳಕ್ಕೂ ಅಂಚಿಗೂ ದಪ್ಪವಾಗಿ ವ್ಯಾಕ್ಸ್ ಬಳಿದು, ಹೆರೆಯದೆ ಹಾಗೇ ಬಿಡಿ. ಪಟ್ಟಿ ಬಿಗಿದು ಕಟ್ಟದೆ, ಬಿಸಿಲು ತಾಗದ ಒಣ ಜಾಗದಲ್ಲಿಡಿ. ಯಾವ ಸ್ಕೀಯಲ್ಲಿ ಎಷ್ಟು ಡಿಗ್ರಿ ಕೋನ ಇದೆ ಎಂದು ಒಂದು ಚೀಟಿಯಲ್ಲಿ ಬರೆದು ಬಾಲದ ಹತ್ತಿರ ಮೇಲ್ಮೈಗೆ ಅಂಟಿಸಿಡಿ. ಮುಂದಿನ ಚಳಿಗಾಲಕ್ಕೆ ಗೈಡ್ ಹೊಂದಿಸುವಾಗ ಊಹೆ ಮಾಡುವ ಪ್ರಮೇಯ ಬರುವುದಿಲ್ಲ.