ಮರಕುಟಿಗವನ್ನು ಮರದೊಡನೆ ನೋಡಬೇಕು
ಅಮೆರಿಕ ಖಂಡಗಳ ಮರಕುಟಿಗಗಳನ್ನು ಅರಸಿ ಕಾಡಿಗೆ ಹೋಗುವವರು ದುರ್ಬೀನನ್ನು ಕಣ್ಣಿಗೆ ಏರಿಸುವ ಮುನ್ನ ಸುತ್ತಲಿನ ಕಾಂಡಗಳನ್ನೂ ಬುಡದಲ್ಲಿ ಬಿದ್ದಿರುವ ಚಕ್ಕೆಗಳನ್ನೂ ಪರಿಶೀಲಿಸುವುದು ಒಳ್ಳೆಯದು. ಹಕ್ಕಿ ಮರೆಯಲ್ಲಿದ್ದರೂ ಅದು ಮಾಡಿಹೋದ ಕೆಲಸ ಎದುರಿಗೇ ಇರುತ್ತದೆ, ಆ ಕೆಲಸವನ್ನು ಕಂಡೇ ಎಷ್ಟೋ ಬಾರಿ ಪ್ರಭೇದವನ್ನು ಗುರುತಿಸಬಹುದು. ಕಾಗೆಯಷ್ಟು ದೊಡ್ಡದಾದ, ಕೆಂಪು ಜುಟ್ಟಿನ ಪೈಲಿಯೇಟೆಡ್ ಮರಕುಟಿಗವು ಕಾರ್ಪೆಂಟರ್ ಇರುವೆಗಳಿಗಾಗಿ ಕೊರೆಯುವ ಗುಳಿಗಳು ಉದ್ದವಾಗಿ, ಆಯತಾಕಾರವಾಗಿರುತ್ತವೆ. ಬುಡದಲ್ಲಿನ ಚಕ್ಕೆಗಳು ಇನ್ನೂ ಬಣ್ಣಗೆಡದೆ ತಿಳಿಯಾಗಿದ್ದರೆ ಅಲ್ಲಿಯೇ ಕಾಯಬಹುದು. ಸ್ಯಾಪ್‌ಸಕರ್ ಎಂಬ ಮರಕುಟಿಗಗಳು ಅಳತೆಗೋಲು ಇಟ್ಟು ಗುರುತು ಹಾಕಿದಂತೆ ಸಾಲುಸಾಲಾಗಿ ಸಣ್ಣ ತೂತುಗಳನ್ನು ಮಾಡಿ, ಜಿನುಗುವ ರಸವನ್ನು ನೆಕ್ಕುತ್ತವೆ. ಅದೇ ರಸಕ್ಕೆ ಹಮ್ಮಿಂಗ್‌ಬರ್ಡ್‌ಗಳೂ ಬರುವುದರಿಂದ ಛಾಯಾಗ್ರಾಹಕನಿಗೆ ಇಂತಹ ಮರ ಇಮ್ಮಡಿ ಲಾಭದ್ದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸಾದದ್ದು ಕ್ಯಾಲಿಫೋರ್ನಿಯಾದ ಓಕ್ ಕಾಡುಗಳಲ್ಲಿರುವ ಏಕಾರ್ನ್ ಮರಕುಟಿಗಗಳ ಕಣಜ. ಗುಂಪಾಗಿ ಬಾಳುವ ಈ ಹಕ್ಕಿಗಳು ತಲೆಮಾರುಗಳಿಂದ ಒಂದೇ ಮರವನ್ನು ಕೊರೆಯುತ್ತ ಬಂದು, ಒಂದೊಂದು ರಂಧ್ರಕ್ಕೆ ಒಂದೊಂದು ಓಕ್ ಕಾಯಿಯನ್ನು ಬಿಗಿಯಾಗಿ ತುರುಕಿಡುತ್ತವೆ. ದೊಡ್ಡ ಕಣಜಗಳಲ್ಲಿ ರಂಧ್ರಗಳ ಸಂಖ್ಯೆ 50,000ದವರೆಗೂ ಹೋಗುತ್ತದೆ. ಹತ್ತಿರದಿಂದ ನೋಡಿದರೆ ಹಕ್ಕಿಯು ಕಾಯಿಯನ್ನು ಕೊಕ್ಕಿನಲ್ಲಿ ಹಿಡಿದು ಒಂದು ರಂಧ್ರದಲ್ಲಿ ಇಟ್ಟು ನೋಡಿ, ಸಡಿಲವೆನಿಸಿದರೆ ಹೊರತೆಗೆದು ಇನ್ನೊಂದರಲ್ಲಿ ಪ್ರಯತ್ನಿಸುವುದು ಕಾಣುತ್ತದೆ. ಕಾಯಿ ಒಣಗಿ ಕುಗ್ಗಿದ ಮೇಲೆ ಅದನ್ನು ಮತ್ತೆ ಕಿತ್ತು ಚಿಕ್ಕ ರಂಧ್ರಕ್ಕೆ ಸಾಗಿಸುವ ಕೆಲಸವೂ ಉಂಟು. ಹಕ್ಕಿಯ ಮುಖವನ್ನಷ್ಟೇ ಚೌಕಟ್ಟಿನ ತುಂಬ ಹಿಡಿದರೆ ಇದೆಲ್ಲ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಇಲ್ಲಿ ನಾನು ಉದ್ದದ ಲೆನ್ಸನ್ನು ಬದಿಗಿಟ್ಟು, ಕಾಯಿಗಳಿಂದ ತುಂಬಿದ ತೊಗಟೆಯೂ ಸೇರುವಂತೆ ಚಿತ್ರ ತೆಗೆಯುತ್ತೇನೆ.

ಕಾಂಡಕ್ಕೆ ಅಂಟಿಕೊಂಡ ಹಕ್ಕಿಯನ್ನು ಅದರ ಮಗ್ಗುಲಿನಿಂದ ತೆಗೆಯುವುದೇ ಲೇಸು. ಮರಕ್ಕೆ ಒತ್ತಿಹಿಡಿದ ಬಾಲ, ಎರಡು ಬೆರಳು ಮುಂದೆ ಎರಡು ಹಿಂದೆ ಚಾಚಿದ ಪಾದ, ಕೊಕ್ಕಿನ ಪೂರ್ಣ ಉದ್ದ, ಎಲ್ಲವೂ ಆಗ ಮಾತ್ರ ಕಾಣುತ್ತವೆ. ಡೌನಿ ಮತ್ತು ಹೇರಿ ಎಂಬ ಎರಡು ಕಪ್ಪು-ಬಿಳಿ ಹಕ್ಕಿಗಳನ್ನು ಬೇರ್ಪಡಿಸಲು ಕೊಕ್ಕೇ ಆಧಾರ: ಹೇರಿಯ ಕೊಕ್ಕು ಹೆಚ್ಚುಕಡಿಮೆ ತಲೆಯಷ್ಟೇ ಉದ್ದವಿದ್ದರೆ, ಡೌನಿಯದು ಅದರ ಅರ್ಧಕ್ಕೂ ಕಡಿಮೆ. ನಮ್ಮನ್ನು ಕಂಡೊಡನೆ ಹಕ್ಕಿ ಕಾಂಡದ ಆಚೆ ಬದಿಗೆ ಜಾರಿಕೊಳ್ಳುತ್ತದೆ. ಹಿಂದೆಯೇ ಸುತ್ತುಹಾಕಿದರೆ ಅದೂ ಸುತ್ತುತ್ತದೆ, ನಿಂತಲ್ಲೇ ನಿಂತರೆ ತುಸು ಮೇಲೆ ಮತ್ತೆ ಇಣುಕುವ ಸಂಭವವೇ ಹೆಚ್ಚು. ಬಿಳಿ ಗರಿಗಳ ವಿವರ ಉಳಿಯಬೇಕಾದರೆ ಎಕ್ಸ್‌ಪೋಷರನ್ನು ಸ್ವಲ್ಪ ಇಳಿಸಿ, ಕಪ್ಪನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರದಲ್ಲಿ) ನಂತರ ಎತ್ತಿಕೊಳ್ಳಬೇಕು. ಕುಟ್ಟುವ ತಲೆ ಮಸುಕಾಗದಿರಲು ಸೆಕೆಂಡಿನ 1/2000ಕ್ಕಿಂತ ವೇಗದ ಷಟರ್ ಬೇಕಾದರೂ, ಪೆಟ್ಟು ಬೀಳುವ ಕ್ಷಣಕ್ಕೆ ಕಣ್ಣಿನ ಪಾರಕ ಪೊರೆ ಮುಚ್ಚಿಕೊಳ್ಳುವುದರಿಂದ ಆ ಚಿತ್ರಗಳಲ್ಲಿ ಕಣ್ಣಿಗೆ ಜೀವವಿರುವುದಿಲ್ಲ. ಕುಟ್ಟುವಿಕೆಯ ಎರಡು ಸರಣಿಗಳ ನಡುವಿನ ಬಿಡುವಿಗಾಗಿ ಕಾಯುವುದೇ ಮೇಲು. ಅಂದಹಾಗೆ, ಹಕ್ಕಿಯ ತಲೆಬುರುಡೆ ಪೆಟ್ಟಿನ ಆಘಾತವನ್ನು ಹೀರಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆಯನ್ನು 2022ರಲ್ಲಿ ಪ್ರಶ್ನಿಸಿದ್ದೂ ಕ್ಯಾಮೆರಾವೇ: ಅತಿವೇಗದ ವಿಡಿಯೊಗಳನ್ನು ಅಳೆದ ಸಂಶೋಧಕರು ತಲೆಯು ಗಟ್ಟಿ ಸುತ್ತಿಗೆಯಾಗಿಯೇ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಯುವುದನ್ನು, ಅದರಲ್ಲೂ ಗೂಡಿನ ಕಾಲದಲ್ಲಿ, ನಾನು ಒಪ್ಪುವುದಿಲ್ಲ.

ದಕ್ಷಿಣ ಅಮೆರಿಕದ ತೆಂಕಣ ತುದಿಯ ಪಟಗೋನಿಯಾದ ಕಾಡುಗಳಲ್ಲಿ ಮೆಜೆಲ್ಲಾನಿಕ್ ಮರಕುಟಿಗವು ಜೋಡಿ ಪೆಟ್ಟಿನಿಂದ ತನ್ನ ಇರವನ್ನು ಸಾರುತ್ತದೆ. ಅದೇ ಕುಲಕ್ಕೆ ಸೇರಿದ, ಅದೇ ಬಗೆಯ ಪೆಟ್ಟಿನ ಐವರಿ-ಬಿಲ್ಡ್ ಮರಕುಟಿಗವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಆರ್ಥರ್ ಅಲೆನ್ ಅವರ ತಂಡ 1935ರಲ್ಲಿ ಲೂಸಿಯಾನಾದ ಸಿಂಗರ್ ಟ್ರ್ಯಾಕ್ಟ್ ಎಂಬ ಕಾಡಿನಲ್ಲಿ ಚಿತ್ರೀಕರಿಸಿ, ಧ್ವನಿಯನ್ನೂ ಮುದ್ರಿಸಿಕೊಂಡಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಎಲ್ಲರೂ ಒಪ್ಪುವ ಅದರ ಕೊನೆಯ ದರ್ಶನವೂ 1944ರಲ್ಲಿ ಅದೇ ಕಾಡಿನಲ್ಲಿ ಆದದ್ದು. 2004ರಲ್ಲಿ ಅರ್ಕನ್ಸಾದ ಜೌಗು ಕಾಡಿನಲ್ಲಿ ಸೆರೆಯಾದ ಮಸುಕು ವಿಡಿಯೊದಲ್ಲಿ ಹಾರಿಹೋಗುವ ಹಕ್ಕಿ ಐವರಿ-ಬಿಲ್ಡೋ ಪೈಲಿಯೇಟೆಡೋ ಎಂಬ ವಾದ ಇನ್ನೂ ಬಗೆಹರಿದಿಲ್ಲ. ಪೈಲಿಯೇಟೆಡ್ ಎನ್ನುವವರ ಕಡೆಗೇ ನನ್ನ ಒಲವು. ಐವರಿ-ಬಿಲ್ಡ್ ಅಳಿದುಹೋಗಿದೆ ಎಂದು ಘೋಷಿಸುವ ಪ್ರಸ್ತಾಪವನ್ನು ಸರ್ಕಾರ 2021ರಲ್ಲಿ ಮುಂದಿಟ್ಟಿತಾದರೂ, 2023ರಲ್ಲಿ 21 ಪ್ರಭೇದಗಳನ್ನು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆದಾಗ ಇದನ್ನು ಸೇರಿಸಲಿಲ್ಲ. ರೆಕ್ಕೆ ಮಡಚಿ ಕುಳಿತಾಗ ಐವರಿ-ಬಿಲ್ಡ್‌ನ ಬೆನ್ನಿನ ಕೆಳಭಾಗ ಬೆಳ್ಳಗೆ, ಪೈಲಿಯೇಟೆಡ್‌ನದು ಕಪ್ಪಗೆ ಕಾಣುತ್ತದೆ. ಹಾಗಾಗಿ ಆ ದಕ್ಷಿಣದ ಜೌಗು ಕಾಡುಗಳಿಗೆ ಹೋಗುವವರು ದೊಡ್ಡ ಮರಕುಟಿಗ ಕಂಡಾಗಲೆಲ್ಲ ಅದರ ಬೆನ್ನಿನ ಒಂದು ಚಿತ್ರವನ್ನು ತಪ್ಪದೆ ತೆಗೆಯಬೇಕು.